ಹುಸೇನ್ ಕುದುರೆ ಬಾಯಿ ಯಾಕೆ ಬಿಟ್ಕೊಂಡಿದೆ? (ಓದುಗರ ಪ್ರಶ್ನೆ, ಡ್ರಾಯಿಂಗ್ ಮೇಷ್ಟ್ರ ಉತ್ತರ)

ಹೋದ ಸಂಚಿಕೇಲಿ ನಾನು ಬರ್ದಿದ್ದು ಒಂದೇ ಒಂದು ಪ್ಯಾರಾ. ಚಿತ್ರಕಾರ ಎಂ.ಎಫ್. ಹುಸೇನ್ ಅವರ ‘ಗ್ರಾಮ ಯಾತ್ರಾ’ ಅನ್ನೋ ಚಿತ್ರ 2025ರ ಮಾರ್ಚಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಲ್ಲಿ ಸುಮಾರು 118 ಕೋಟಿ ರೂಪಾಯಿಗೆ ಹೋಯ್ತು ಅಂತ, ಪಕ್ಕಕ್ಕೆ ಅವರದ್ದೊಂದು ಕುದುರೆ ಚಿತ್ರ. ಅಷ್ಟಕ್ಕೇ ಇಷ್ಟು ಪತ್ರ ಬರ್ತವೆ ಅಂತ ಗೊತ್ತಿದ್ರೆ ಮೊದ್ಲೇ ಕೋಟಿ ಲೆಕ್ಕದಲ್ಲೇ ಅಂಕಣ ಬರೀತಿದ್ದೆ. ಹಾಗಾಗಿ ಈ ಸಲ ಪೂರ್ತಿ ಹುಸೇನೇ. ವಾಟರ್ ಕಲರ್ ಪೇಪರ್ ಎಷ್ಟು ಜಿಎಸ್‌ಎಂ (ಕಾಗದದ ತೂಕದ ಲೆಕ್ಕ) ತಗೋಬೇಕು ಅಂತ ಕೇಳಿರೋರು ಮುಂದಿನ ಸಂಚಿಕೆ ತನಕ ಕಾಯ್ಬೇಕು, ಬೇಜಾರ್ ಮಾಡ್ಕೋಬೇಡಿ.

ಕುಣಿಗಲ್‌ನಿಂದ ಒಬ್ಬರು: ನಮ್ಮೂರಲ್ಲಿ ಸ್ಟಡ್ ಫಾರ್ಮ್ ಇದೆ ಸಾರ್, ನಾನು ಚಿಕ್ಕೋನಿದ್ದಾಗಿಂದ ಕುದುರೆ ನೋಡ್ಕೊಂಡೇ ಬೆಳ್ದಿರೋದು. ನೀವು ಹಾಕಿದ್ದ ಕುದುರೆ ನೋಡಿ ನಗು ಬಂತು. ಕತ್ತು ಹಿಂದಕ್ಕೆ ತಿರುಚ್ಕೊಂಡಿದೆ, ಬಾಯಿ ಬಿಟ್ಕೊಂಡಿದೆ, ಹಲ್ಲೆಲ್ಲಾ ಕಾಣ್ತಿದೆ, ಕಾಲು ನೋಡಿದ್ರೆ ಕಡ್ಡಿ. ಅವ್ರಿಗೆ ಕುದುರೆ ಬರಿಯೋಕೆ ಬರ್ತಿರ್ಲಿಲ್ವಾ, ಇಲ್ಲಾ ಅದಕ್ಕೇನಾದ್ರೂ ಅರ್ಥ ಇದೆಯಾ?

ಕುದುರೆ ಗೊತ್ತಿರೋರು ಕೇಳಿದ ಪ್ರಶ್ನೆ ಅಂತ ಮೊದ್ಲು ಖುಷಿ ಆಯ್ತು. ನಿಮ್ಮೂರ ಫಾರ್ಮು ಟಿಪ್ಪು ಕಾಲದಿಂದ ಬಂದಿರೋದು, ಆಗ ದಂಡಿಗೆ ಬೇಕಾದ ಕುದುರೆ ಸಾಕ್ತಿದ್ರು, ಆಮೇಲೆ ರೇಸ್ ಕುದುರೆ. ಎರಡೂ ಕಡೆ ಕುದುರೆ ಅಂದ್ರೆ ಇನ್ನೊಬ್ಬರ ಕೆಲಸಕ್ಕೆ ಇರೋ ಕುದುರೆ. ಈಗ ಹುಸೇನ್ ಕುದುರೆನ ಇನ್ನೊಂದ್ಸಲ ನೋಡಿ, ಹಲ್ಲು ಬಿಟ್ಟಾಕಿ, ಬೆನ್ನು ನೋಡಿ. ಜೀನಿದೆಯಾ? ಲಗಾಮಿದೆಯಾ? ಬಹಳಷ್ಟು ಚಿತ್ರಗಳಲ್ಲಿ ಮೇಲೆ ಸವಾರನೇ ಇರಲ್ಲ.

ಇದಕ್ಕೆ ಮೂರ್ನಾಲ್ಕು ಕಡೆಯಿಂದ ನೀರು ಬಂದು ಸೇರಿದೆ. ಹುಸೇನ್ ಹುಟ್ಟಿದ್ದು 1915ರಲ್ಲಿ ಪಂಢರಪುರದಲ್ಲಿ (ಹೌದು, ನಮ್ಮ ವಿಠೋಬನ ಪಂಢರಪುರವೇ), ಬೆಳ್ದಿದ್ದು ಇಂದೋರಲ್ಲಿ. ಅಲ್ಲಿ ಮೊಹರಂ ಮೆರವಣಿಗೇಲಿ ದುಲ್‌ದುಲ್ ಅಂತ ಕರಿಯೋ ಕುದುರೆ ಬರೋದು. ಕರ್ಬಲಾದ ಕಾಳಗದಲ್ಲಿ ಇಮಾಮ್ ಹುಸೇನರು ಬಿದ್ದ ಮೇಲೆ ಬೆನ್ನು ಖಾಲಿ ಮಾಡ್ಕೊಂಡು ವಾಪಸ್ ಬಂದ ಕುದುರೆಯ ನೆನಪಿಗೆ ಅದನ್ನ ಅಲಂಕಾರ ಮಾಡಿ ನಡೆಸೋದು, ಮೇಲೆ ಯಾರೂ ಕೂರಲ್ಲ. ಚಿಕ್ಕ ಹುಡುಗನ ಕಣ್ಣಿಗೆ ಜನರ ತಲೆ ಮೇಲಿಂದ ಕಾಣೋದು ಏನು? ಕತ್ತು, ತೆರೆದ ಬಾಯಿ, ಕಣ್ಣು. ಕಾಲು ಎಲ್ಲಿ ಕಾಣ್ಬೇಕು ಆ ನೂಕುನುಗ್ಗಲಲ್ಲಿ! ಈ ಕೊನೆ ಮಾತು ನನ್ನ ಊಹೆ, ಆದ್ರೆ ಆ ಕಡ್ಡಿ ಕಾಲಿಗೆ ಇದಕ್ಕಿಂತ ಒಳ್ಳೇ ಕಾರಣ ನನಗೆ ಸಿಕ್ಕಿಲ್ಲ.

ನಮ್ಮ ಕಡೆ ಬಾಬಯ್ಯನ ಹಬ್ಬ (ಮೊಹರಂಗೆ ಹಳ್ಳೀಲಿ ಹಂಗೇ ಅನ್ನೋದು) ನೋಡಿರೋರಿಗೆ ಇದು ಬೇಗ ಅರ್ಥ ಆಗುತ್ತೆ. ಗುಬ್ಬಿ ಹತ್ರ ನಮ್ಮ ಹಳ್ಳೀಲಿ ಮುಸ್ಲಿಮರ ಮನೆ ಇದ್ದಿದ್ದೇ ಎರಡೋ ಮೂರೋ, ಬಾಬಯ್ಯನಿಗೆ ಹರಕೆ ಹೊರ್ತಿದ್ದಿದ್ದು ಮಾತ್ರ ಊರಿಗೆ ಊರೇ. ಗುಂಡಿ ತೋಡಿ ಕೆಂಡ ಮಾಡೋರು, ಪಂಜಾ (ಕೋಲಿನ ತುದೀಲಿ ಲೋಹದ ಕೈ) ಹೊತ್ಕೊಂಡು ಬರೋರು, ಹುಲಿವೇಷ, ತಮಟೆ. ಕುದುರೆ ಇರ್ಲಿಲ್ಲ, ಆದ್ರೆ ಆ ಬೆಳ್ಳಿ ಬಣ್ಣದ ಕೈ, ಐದು ಬೆರಳು ಬಿಚ್ಕೊಂಡು ಕೆಂಡದ ಬೆಳಕಲ್ಲಿ ಜನರ ತಲೆ ಮೇಲೆ ತೇಲ್ಕೊಂಡು ಬರೋದು ಇದೆಯಲ್ಲ, ಅದನ್ನ ನೋಡಿ ಐವತ್ತು ವರ್ಷದ ಮೇಲಾಯ್ತು, ಕಣ್ಣು ಮುಚ್ಚಿದ್ರೆ ಇವತ್ತಿಗೂ ಬರ್ತದೆ. ಹುಸೇನ್ ಚಿತ್ರದಲ್ಲಿ ಕೈಗಳನ್ನ ನೋಡಿ, ಎಷ್ಟೋ ಕಡೆ ಅಂಗೈ ನಮ್ಮ ಕಡೆ ತಿರುಗಿಸ್ಕೊಂಡು ಬಿಚ್ಕೊಂಡಿರ್ತದೆ. ಅಭಯಮುದ್ರೆ ಅಂತ ಬರೀತಾರೆ ವಿಮರ್ಶಕರು. ಇರ್ಬೋದು. ನಂಗೆ ಪಂಜಾನೂ ಕಾಣ್ತದೆ.

ಆಮೇಲೆ 1952ರಲ್ಲಿ ಚೀನಾಕ್ಕೆ ಹೋದ್ರು. ಅಲ್ಲಿ ಟ್ಯಾಂಗ್ ರಾಜರ ಕಾಲದ ಮಣ್ಣಿನ ಕುದುರೆ, ಷೂ ಬೀಹಾಂಗ್ ಅನ್ನೋ ಕಲಾವಿದ ಇಂಕಲ್ಲಿ ಬರ್ದ ಓಡೋ ಕುದುರೆ, ಎರಡೂ ತಲೆಗೆ ಹೊಕ್ಕಿದ್ವು. ಇಟಲಿಯ ಮರೀನೋ ಮರೀನಿ ಅನ್ನೋ ಶಿಲ್ಪಿಯ ಕತ್ತು ಚಾಚಿದ ಕುದುರೆಗಳನ್ನೂ ಜನ ಹೆಸರಿಸ್ತಾರೆ. ಒಟ್ನಲ್ಲಿ ಇಂದೋರಿನ ಬೀದಿ, ಚೀನಾದ ಮಣ್ಣು, ಯುರೋಪಿನ ಕಂಚು ಎಲ್ಲಾ ಸೇರಿ ಒಂದು ಪ್ರಾಣಿ ಆಗಿದೆ, ಅದು ನಿಮ್ಮ ಕುಣಿಗಲ್ ಲಾಯದಲ್ಲಿ ಸಿಗಲ್ಲ ಅನ್ನೋದು ನಿಜ.

ಇನ್ನು ಬರಿಯೋಕೆ ಬರ್ತಿರ್ಲಿಲ್ವಾ ಅಂದ್ರಿ. ಒಂದ್ಸಲ ಹೈಸ್ಕೂಲ್ ಮಕ್ಕಳಿಗೆ ಟ್ರೇಸಿಂಗ್ ಪೇಪರ್ ಕೊಟ್ಟು ಕ್ಯಾಲೆಂಡರಲ್ಲಿದ್ದ ಹುಸೇನ್ ಕುದುರೆ ಮೇಲೆ ಇಟ್ಟು ತಿದ್ದಿ ಅಂದಿದ್ದೆ. ಕಿವಿಯಿಂದ ಶುರುವಾದ ಗೆರೆ ಕತ್ತು ಬಳಸಿ, ಬೆನ್ನು ಇಳ್ದು, ಬಾಲದ ತುದಿಗೆ ಹೋಗೋವರೆಗೆ ಎಲ್ಲೂ ಕೈ ಎತ್ತಿಲ್ಲ ಕಣ್ರೀ ಆ ಮನುಷ್ಯ. ಮಕ್ಕಳು ಏಳೆಂಟು ಕಡೆ ಪೆನ್ಸಿಲ್ ಎತ್ತಿದ್ರು. ಮೈ ಒಂದು ಕಡೆ ಓಡ್ತಿರ್ತದೆ, ತಲೆ ಅದಕ್ಕೆ ಉಲ್ಟಾ, ಆ ಎರಡರ ಜಗ್ಗಾಟದಲ್ಲೇ ಬಾಯಿ ತೆರ್ಕೊಳೋದು, ಬಾಯಿ ಮುಚ್ಚಿ ಬರ್ದು ನೋಡಿ ಬೇಕಾದ್ರೆ, ಕುದುರೆ ನಿಂತೇ ಹೋಗ್ತದೆ. ಕೈ ಅಷ್ಟು ಓಡೋದಕ್ಕೆ ಇನ್ನೊಂದು ಕಾರಣನೂ ಇದೆ. ಅವರು 1930ರ ದಶಕದಲ್ಲಿ ಬೊಂಬಾಯಲ್ಲಿ ಸಿನಿಮಾ ಹೋರ್ಡಿಂಗ್ ಬರ್ದು ಹೊಟ್ಟೆ ಹೊರೆದವರು, ಚದರಡಿಗೆ ನಾಲ್ಕಾಣೆ ಕೂಲಿ ಅಂತ ಅವ್ರೇ ಹೇಳ್ಕೋತಿದ್ರು. ಚದರಡಿ ಲೆಕ್ಕದಲ್ಲಿ ದುಡ್ಡು ಬರೋವಾಗ ಗೆರೆ ತಿದ್ಕೊಂಡು ಕೂತ್ರೆ ಊಟ ಇಲ್ಲ.

ತಿಪಟೂರಿಂದ ಒಬ್ಬ ಗೃಹಿಣಿ: ಹುಸೇನ್ ಚಿತ್ರದಲ್ಲಿ ಹೆಂಗಸರಿಗೆ ಮುಖನೇ ಇರಲ್ವಂತೆ. ಮದರ್ ತೆರೇಸಾಗೂ ಇಲ್ಲ. ಹೆಂಗಸರಿಗೆ ಗುರುತು ಬೇಡ ಅಂತನಾ? ನಂಗೆ ಸಿಟ್ಟು ಬಂತು.

ಸಿಟ್ಟು ನ್ಯಾಯವಾಗಿದೆ, ಪೂರ್ತಿ ಇಳಿಸ್ಕೋಬೇಡಿ, ಆದ್ರೆ ಇದನ್ನೂ ಕೇಳಿ. ಅವರ ತಾಯಿ ಹೆಸರು ಜೈನಬ್. ಹುಸೇನ್‌ಗೆ ಎರಡು ವರ್ಷನೂ ತುಂಬಿರ್ಲಿಲ್ಲ, ಆಯಮ್ಮ ತೀರ್ಕೊಂಡ್ರು. ಒಂದು ಫೋಟೋ ಇಲ್ಲ. ಮಗನಿಗೆ ತೊಂಬತ್ತೈದು ವರ್ಷ ಆಯಸ್ಸು, ಅಷ್ಟು ವರ್ಷದಲ್ಲಿ ತಾಯಿ ಮುಖ ಹೆಂಗಿತ್ತು ಅಂತ ಗೊತ್ತಾಗ್ಲೇ ಇಲ್ಲ. 1980ರ ಸುಮಾರಿಂದ ಬರ್ದ ಮದರ್ ತೆರೇಸಾ ಚಿತ್ರಗಳನ್ನ ನೋಡಿ. ಬಿಳಿ ಸೀರೆ, ನೀಲಿ ಅಂಚು, ಸೆರಗಿನೊಳಗೆ ಮುಖ ಇರಬೇಕಾದ ಜಾಗದಲ್ಲಿ ಕತ್ತಲು. ಮಡಿಲಲ್ಲಿ ಮಗು. ಕೆಲವು ಚಿತ್ರದಲ್ಲಿ ಕೈಗಳು ಇರಬೇಕಾದ್ದಕ್ಕಿಂತ ಜಾಸ್ತಿ ಇರ್ತವೆ. ಗೊತ್ತಿಲ್ದೇ ಇರೋ ಮುಖನ ಸುಮ್ನೆ ಊಹೆ ಮಾಡಿ ಬರಿಯೋ ಬದ್ಲು ಜಾಗ ಖಾಲಿ ಬಿಟ್ಟಿದಾರೆ ಅಂತ ನಾನು ತಿಳ್ಕೊಂಡಿದೀನಿ. ಜಗತ್ತಿಗೆಲ್ಲಾ ಗೊತ್ತಿರೋ ತೆರೇಸಾ ಮುಖನೂ ಅಳಿಸಿ ಆ ಕತ್ತಲು ಹಾಕ್ಬೇಕಾದ್ರೆ ಅದು ತೆರೇಸಾ ಒಬ್ಬರ ಚಿತ್ರ ಅಲ್ಲ ಅನ್ನೋದು ಗೊತ್ತಾಗುತ್ತಲ್ಲ.

ಆದ್ರೆ ಎಲ್ಲಾ ಹೆಂಗಸರ ಚಿತ್ರಕ್ಕೂ ‘ತಾಯಿ ಇಲ್ಲದ ಮಗ’ ಅಂತ ಹಣೆಪಟ್ಟಿ ಅಂಟಿಸಿಬಿಟ್ರೆ ನಾವು ಅರ್ಧ ಕಳ್ಕೋತೀವಿ. 1948ರಲ್ಲಿ ದೆಹಲಿಯ ಈಗಿನ ರಾಷ್ಟ್ರಪತಿ ಭವನದಲ್ಲಿ ಹಳೇ ಭಾರತೀಯ ಕಲೆಯ ದೊಡ್ಡ ಪ್ರದರ್ಶನ ಆಯ್ತು, ಚಿತ್ರಕಾರ ಗೆಳೆಯ ಸೋಜಾ ಜೊತೆ ಹುಸೇನ್ ಹೋಗಿದ್ರು. ಹಿಂದಿನ ವರ್ಷ ತಾನೇ ಸೋಜಾ, ರಜಾ, ಆರಾ ಎಲ್ಲಾ ಸೇರಿ ಬೊಂಬಾಯಲ್ಲಿ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್ ಕಟ್ಟಿದ್ರು, ಹುಸೇನೂ ಅದ್ರಲ್ಲಿ. ದೆಹಲೀಲಿ ಮಥುರಾ ಶಿಲ್ಪಗಳನ್ನ, ಜಮ್ಮು ಕಡೆಯ ಬಸೋಹ್ಲಿಯ ಸಣ್ಣ ಚಿತ್ರಗಳ ಗಾಢ ಬಣ್ಣನ ನೋಡಿ ತಲೆ ತಿರುಗಿತು. ಸೊಂಟ ಒಂದು ಕಡೆ, ಭುಜ ಒಂದು ಕಡೆ, ತಲೆ ಒಂದು ಕಡೆ ವಾಲೋ ತ್ರಿಭಂಗಿ ಅಲ್ಲಿಂದಲೇ ಅವರ ಹೆಂಗಸರ ಮೈಗೆ ಬಂದಿದ್ದು.

ಒಂದು ಕೆಲಸ ಮಾಡಿ. ಬೇಲೂರಿನ ಮದನಿಕೆ ಫೋಟೋ ನಿಮ್ಮನೇಲಿ ಇದ್ದೇ ಇರ್ತದೆ, ಟೂರ್ ಹೋದಾಗ ತೆಗ್ದಿದ್ದು. ಅದರ ಮುಖದ ಮೇಲೆ ಹೆಬ್ಬೆರಳು ಇಟ್ಟು ಮುಚ್ಚಿ. ಏನು ಹೋಯ್ತು? ಮುಖ ಕಾಣ್ತಿದ್ದಾಗ ಅವಳು ಚೆಂದದ ಹುಡುಗಿ, ಮುಚ್ಚಿದ ಮೇಲೆ ಸೊಂಟದ ತಿರುವು, ಮಣಿಕಟ್ಟು, ಊರಿರೋ ಪಾದದ ಭಾರ ಒಂದೊಂದಾಗಿ ಮಾತಾಡೋಕೆ ಶುರು ಮಾಡ್ತವೆ. ಸಂತೇಲಿ ನಮ್ಮನೆಯವ್ರನ್ನ ನಾನು ಹಿಂದಿಂದ, ಬ್ಯಾಗ್ ಹಿಡ್ಕೊಂಡಿರೋ ರೀತಿ ನೋಡೇ ಗುರ್ತು ಹಿಡಿಯೋದು, ಮುಖ ಯಾಕೆ ಬೇಕು. ಹುಸೇನ್ ನಂಬಿದ್ದು ಅದನ್ನ. ಒಂದು ವಿಷಯ ಮಾತ್ರ ಒಪ್ತೀನಿ, ಕೊನೆಕೊನೆಗೆ ಬೇಗಬೇಗ ಬರ್ದಿದ್ದು ಸುಮಾರಿವೆ, ಅಲ್ಲಿ ಖಾಲಿ ಮುಖ ಒಂದು ಟ್ರೇಡ್‌ಮಾರ್ಕ್ ಥರ ಆಗಿಬಿಟ್ಟಿದೆ, ಒಳಗೆ ಏನೂ ಇಲ್ಲ. ಅಂಥವುಗಳ ಮೇಲೆ ನಿಮ್ಮ ಸಿಟ್ಟು ಹಂಗೇ ಇರ್ಲಿ.

ಶಿರಾದಿಂದ ಡಿಪ್ಲೊಮಾ ವಿದ್ಯಾರ್ಥಿ: ಸಾರ್ ಎಕ್ಸಾಮ್ ಇದೆ. ಹುಸೇನ್ ಸಿಂಬಲ್ಸ್ ಮೀನಿಂಗ್ ಶಾರ್ಟಾಗಿ ಕೊಡಿ. ಕುದುರೆ = ಶಕ್ತಿ, ಲಾಟೀನು = ಜ್ಞಾನ, ಛತ್ರಿ = ?, ಜೇಡ = ?

ನಿನ್ನ ಈಕ್ವಲ್ ಟು ನೋಡಿ ಎದೆ ಧಸಕ್ ಅಂತು ಮಗಾ. ನಾನು ವ್ಯಾಲ್ಯುಯೇಷನ್‌ಗೆ ಹೋಗ್ತಿದ್ದ ಕಾಲದಲ್ಲಿ ಒಂದು ಕಡೆ ಕೀ ಆನ್ಸರಲ್ಲಿ ‘ದೀಪ ಅಂದರೆ ಜ್ಞಾನ, 1 ಅಂಕ’ ಅಂತ ಅಚ್ಚಾಗಿತ್ತು. ಒಬ್ಬ ಹುಡುಗಿ ‘ದೀಪ ಇರೋದ್ರಿಂದ ಸುತ್ತ ಇನ್ನೂ ಕತ್ತಲು ಅನ್ಸುತ್ತೆ’ ಅಂತ ಬರ್ದಿದ್ಲು, ಅವಳಿಗೆ ಅಂಕ ಕೊಡ್ಸೋಕೆ ನಾನು ಅರ್ಧ ದಿನ ಜಗಳ ಆಡಿ ಸೋತೆ. ಆ ಹೊಟ್ಟೆ ಉರಿ ಇನ್ನೂ ಇದೆ, ಅದಕ್ಕೇ ಉದ್ದ ಬರೀತಿದೀನಿ.

ಲಾಟೀನು ಎಲ್ಲಿಂದ ಬಂತು ಅಂದ್ರೆ ಅಜ್ಜನಿಂದ. ಅಜ್ಜ ತಗಡಿನ ಕೆಲಸದವರು, ಲಾಟೀನು ಮಾಡೋರು. ತಾಯಿ ಇಲ್ದ ಮೊಮ್ಮಗ ಅಜ್ಜನ ಹಿಂದೆ ಮುಂದೆ ಸುತ್ಕೊಂಡು ಬೆಳ್ದಿದ್ದು. ಹಾಗಾಗಿ ಅದು ಮೊದ್ಲು ಜ್ಞಾನ ಅಲ್ಲ, ತಗಡು, ಸೀಮೆಎಣ್ಣೆ ವಾಸನೆ, ಮಸಿ ಹಿಡಿದ ಗಾಜು. ನಮ್ಮ ಮನೇಲೂ ಸಂಜೆ ಆದ್ರೆ ಬೂದಿ ಹಚ್ಚಿ ಲಾಟೀನ್ ಗ್ಲಾಸ್ ಉಜ್ಜೋ ಡ್ಯೂಟಿ ನಂದೇ ಇತ್ತು, ಅದು ಗೊತ್ತಿರೋನಿಗೆ ಗೊತ್ತು.

ಅದೇ ಲಾಟೀನು ಚಿತ್ರದೊಳಗೆ ಬಂದಾಗ ಬೇರೆ ಕೆಲಸ ಹಿಡೀತದೆ. 1956ರ ‘ಬಿಟ್ವೀನ್ ದ ಸ್ಪೈಡರ್ ಅಂಡ್ ದ ಲ್ಯಾಂಪ್’ (ಜೇಡಕ್ಕೂ ದೀಪಕ್ಕೂ ನಡುವೆ) ತಗೋ. ಮೊಬೈಲಲ್ಲಿ ಬೇಡ, ಸ್ವಲ್ಪ ದೊಡ್ಡ ಪ್ರಿಂಟ್ ಹುಡುಕು. ಎತ್ತರವಾದ ಚಿತ್ರ, ಐದು ಹೆಂಗಸರು ಹತ್ತಿರ ಹತ್ತಿರ ನಿಂತಿದಾರೆ, ಆದ್ರೆ ಒಬ್ಬರಿಗೊಬ್ಬರು ಮಾತಾಡ್ತಿಲ್ಲ. ಒಬ್ಬಳ ಕೈಯಿಂದ ಎಳೆ ಇಳ್ದಿದೆ, ಎಳೆ ತುದೀಲಿ ಜೇಡ. ಮೇಲ್ಗಡೆ ದೀಪ. ಅದಕ್ಕೂ ಮೇಲೆ ಹಳೇ ಶಾಸನದ ಥರ ಅಕ್ಷರಗಳು, ಯಾವ ಭಾಷೇಲೂ ಓದೋಕೆ ಬರಲ್ಲ. ಓದೋಕೆ ಬರದ ಅಕ್ಷರನ ಬೇಕಂತ್ಲೇ ಬರ್ದಿರೋ ಮನುಷ್ಯನ ಹತ್ರ ಹೋಗಿ ‘ಜೇಡ ಅಂದ್ರೆ ಏನು ಸಾರ್, 1 ಅಂಕಕ್ಕೆ’ ಅಂದ್ರೆ ಹೆಂಗೆ? ಆ ಚಿತ್ರದ ಮುಂದೆ ಕೇಳಬೇಕಾದ ಪ್ರಶ್ನೆ ನಂಗೆ ಇಷ್ಟೇ ಅನ್ಸೋದು: ಜೇಡನ ಅಲ್ಲಿಂದ ತೆಗ್ದುಬಿಟ್ರೆ ಏನಾಗ್ತದೆ? ಬೆರಳಿಂದ ಮುಚ್ಚಿ ನೋಡು. ಐದು ಜನ ಹೆಂಗಸರು ಫೋಟೋಗೆ ನಿಂತಂಗೆ ಆಗ್ತಾರೆ. ಬೆರಳು ತೆಗಿ. ಈಗ ಆ ಕೈ ಅಲ್ಲಾಡಿಸೋ ಹಂಗಿಲ್ಲ, ಉಸಿರು ಬಿಡೋ ಹಂಗಿಲ್ಲ. ಇಡೀ ಚಿತ್ರದ ಮೌನ ಆ ಎಳೆ ಮೇಲೆ ನೇತಾಡ್ತಿದೆ.

ಛತ್ರಿಗೆ ಬಂದ್ರೆ ನಗು ಬರ್ತದೆ. 1967ರಲ್ಲಿ ಹುಸೇನ್ ಸರ್ಕಾರದ ಫಿಲ್ಮ್ಸ್ ಡಿವಿಷನ್‌ಗೆ ‘ಥ್ರೂ ದಿ ಐಸ್ ಆಫ್ ಎ ಪೇಂಟರ್’ ಅಂತ ಒಂದು ಕಿರುಚಿತ್ರ ಮಾಡಿದ್ರು, ಬರ್ಲಿನ್ ಚಿತ್ರೋತ್ಸವದಲ್ಲಿ ಗೋಲ್ಡನ್ ಬೇರ್ ಬಹುಮಾನ ಬಂತು. ಕಥೆ ಗಿಥೆ ಏನಿಲ್ಲ. ರಾಜಸ್ಥಾನದ ಕೋಟೆ, ಬೀದಿ, ಹಸು, ಅದರ ನಡುವೆ ಒಂದು ಛತ್ರಿ, ಒಂದು ಲಾಟೀನು, ಒಂದು ಚಪ್ಪಲಿ ಬಂದು ಬಂದು ಹೋಗ್ತವೆ. ಮರಳುಗಾಡಲ್ಲಿ ಛತ್ರಿ! ಮಳೆ ಇಲ್ಲದ ಕಡೆ ಛತ್ರಿ ಏನು ಮಾಡ್ತದೆ? ಸುಮ್ನೆ ಒಂದು ಕಪ್ಪು ಆಕಾರ ಆಗಿ ನಿಲ್ತದೆ, ನೀನು ಅದರ ಉಪಯೋಗ ಮರ್ತು ಅದನ್ನೇ ನೋಡ್ತೀಯ. ಶಿರಾದಲ್ಲಿ ಇರೋ ನಿನಗೆ ಇದು ಬಿಡಿಸಿ ಹೇಳ್ಬೇಕಾ, ನಿಮ್ಮೂರಲ್ಲೂ ಛತ್ರಿ ಬಿಸಿಲಿಗೇ ಜಾಸ್ತಿ ಬಿಚ್ಚೋದು.

ಪರೀಕ್ಷೇಲಿ ಇದನ್ನೆಲ್ಲಾ ಬರೀಬೇಡ, ಫೇಲ್ ಮಾಡ್ತಾರೆ. ಅಲ್ಲಿ ಲಾಟೀನು ಅಂದ್ರೆ ಜ್ಞಾನ ಅಂತಲೇ ಬರಿ, ಹೊರಗೆ ಬಂದ್ಮೇಲೆ ಮರ್ತುಬಿಡು.

ಕೊರಟಗೆರೆಯಿಂದ: ದೇವತೆಗಳನ್ನ ಬೆತ್ತಲೆ ಬರ್ದವರ ಬಗ್ಗೆ ಯಾಕೆ ಬರೀತೀರಿ?

ಇದೇ ಅರ್ಥದ ಪತ್ರ ಮೂರು ಬಂದಿವೆ, ಒಂದಕ್ಕೆ ಸ್ಟಾಂಪೂ ಹಚ್ಚಿರ್ಲಿಲ್ಲ, ದುಡ್ಡು ಕೊಟ್ಟು ಬಿಡಿಸ್ಕೊಂಡೆ. ಆ ಚಿತ್ರಗಳಿಂದ ಬೇಜಾರಾದವರ ಬೇಜಾರು ಸುಳ್ಳು ಅಂತ ನಾನು ಹೇಳಲ್ಲ. ಕೋರ್ಟಿಗೆ ಹೋಯ್ತು, 2008ರಲ್ಲಿ ದೆಹಲಿ ಹೈಕೋರ್ಟು ಅವರ ಮೇಲಿನ ಕೇಸುಗಳನ್ನ ರದ್ದು ಮಾಡ್ತು. ಅಷ್ಟು ಹೊತ್ತಿಗೆ ಅವರು ದೇಶ ಬಿಟ್ಟಾಗಿತ್ತು, 2010ರಲ್ಲಿ ಕತಾರ್ ಪೌರತ್ವ ತಗೊಂಡ್ರು, 2011ರ ಜೂನ್ 9ಕ್ಕೆ ಲಂಡನ್ನಲ್ಲಿ ತೀರ್ಕೊಂಡ್ರು. ಇದೇ ಮನುಷ್ಯ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಹೇಳಿದ ಒಂದು ಮಾತಿಗೆ ಕಟ್ಟುಬಿದ್ದು ಹೈದರಾಬಾದಲ್ಲಿ ವರ್ಷಗಟ್ಟಲೆ ಕೂತು ರಾಮಾಯಣದ ಚಿತ್ರ ಬರ್ದಿದ್ದೂ ಇದೆ. ಶ್ರೀಮಂತರ ಡ್ರಾಯಿಂಗ್ ರೂಮಿಗೆ ಬರೆದಿದ್ದು ಸಾಕು, ಜನರ ರಾಮಾಯಣ ಬರಿ ಅನ್ನೋ ಅರ್ಥದ ಮಾತು ಲೋಹಿಯಾ ಹೇಳಿದ್ದು. ಎರಡನ್ನೂ ಪಕ್ಕಪಕ್ಕ ಇಟ್ಕೊಂಡು ನೋಡಿ ಅಂತಷ್ಟೇ ನನ್ನ ಕೋರಿಕೆ.

ಮಧುಗಿರಿಯಿಂದ ಒಬ್ಬ ರೈತರು: 118 ಕೋಟಿ ಚಿತ್ರದ ಹೆಸರು ಗ್ರಾಮ ಯಾತ್ರೆ ಅಂತೆ. ಅದ್ರಲ್ಲಿ ನಮ್ಮಂಥೋರು ಇದೀವಾ? ಇದ್ರೆ ಅದನ್ನ ಎಲ್ಲಿ ನೋಡ್ಬೋದು?

ಇದೀರಿ, ಅದೂ ಮುಖ್ಯ ಜಾಗದಲ್ಲೇ. 1954ರ ಚಿತ್ರ ಅದು, ಸುಮಾರು ಹದಿನಾಲ್ಕು ಅಡಿ ಉದ್ದ, ಹದಿಮೂರು ಚೌಕಗಳು. ಬೀಸೋರು, ಕಡೆಯೋರು, ಮಕ್ಕಳನ್ನ ನೋಡ್ಕೊಳ್ಳೋರು, ಗಾಡೀಲಿ ಹೋಗೋ ಜೋಡಿ, ಹೀಗೆ. ಹೆಚ್ಚಿನವರು ಹೆಂಗಸರೇ. ಒಂದು ಚೌಕದಲ್ಲಿ ಮಾತ್ರ ಒಬ್ಬ ರೈತ ನಿಂತಿದಾನೆ, ಅವನ ಚಾಚಿದ ಕೈ ಚೌಕದ ಗೆರೆ ದಾಟಿ ಪಕ್ಕದ ಚೌಕದಲ್ಲಿರೋ ಭೂಮಿನ ಹಿಡ್ಕೊಂಡಿದೆ. ಹೊಲದ ಬದು ದಾಟಿದ್ರೆ ನಮ್ಮಲ್ಲಿ ಸರ್ವೆಯರ್ ಕರೀತಾರೆ, ಇಲ್ಲಿ ಬದು ದಾಟಿರೋದೇ ಚಿತ್ರದ ಜೀವ. ಅದಕ್ಕೂ ಮುಂದಿನ ವರ್ಷದ್ದು ‘ಜಮೀನ್’, ಅದೂ ಹಿಂಗೇ ಉದ್ದಕ್ಕೆ ಹಳ್ಳಿ ಬದುಕು, ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಆಗಿನ್ನೂ ಕುದುರೆ ರೇಸು ಅಷ್ಟು ಜೋರಾಗಿರ್ಲಿಲ್ಲ ನೋಡಿ, ಎತ್ತು, ಗಾಡಿ ಚಕ್ರ, ಮಣ್ಣು. ನನ್ನ ಕೇಳಿದ್ರೆ ಅವರ ಅತ್ಯುತ್ತಮ ಕೆಲಸ ಇದೇ ಕಾಲದ್ದು, ಕುದುರೆಗಳಲ್ಲ.

ಆ ಗ್ರಾಮ ಯಾತ್ರೆ ದಶಕಗಟ್ಟಲೆ ನಾರ್ವೆ ದೇಶದ ಓಸ್ಲೋದಲ್ಲಿ ಒಂದು ಆಸ್ಪತ್ರೆ ಗೋಡೆ ಮೇಲಿತ್ತು. ದೆಹಲಿಗೆ ಬಂದಿದ್ದ ಅಲ್ಲಿನ ಡಾಕ್ಟರೊಬ್ಬರು ಕೊಂಡ್ಕೊಂಡು ಹೋಗಿದ್ದು. ಹರಾಜಾದ ಮೇಲೆ ಅದು ಎಲ್ಲಿ ನೋಡೋಕೆ ಸಿಗ್ತದೆ ಅಂತ ನಂಗೆ ಖಚಿತವಾಗಿ ಗೊತ್ತಿಲ್ಲ. ‘ಜಮೀನ್’ ದೆಹಲಿಯ ನ್ಯಾಷನಲ್ ಗ್ಯಾಲರಿ ಆಫ್ ಮಾಡರ್ನ್ ಆರ್ಟಲ್ಲಿದೆ. ದೆಹಲಿ ದೂರ ಅಂದ್ರೆ ಅದೇ ಗ್ಯಾಲರಿಯ ಬೆಂಗಳೂರು ಶಾಖೆ ಪ್ಯಾಲೇಸ್ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್ನಲ್ಲಿದೆ, ತುಮಕೂರಿಂದ ಬೆಳಗ್ಗೆ ಟ್ರೇನ್ ಹಿಡಿದ್ರೆ ಮಧ್ಯಾಹ್ನದೊಳಗೆ ಅಲ್ಲಿರ್ತೀರಿ, ಸೋಮವಾರ ಬಿಟ್ಟು ಹೋಗಿ. ಗೋಡೆ ಮೇಲೆ ಏನಿರ್ತದೆ ಅನ್ನೋದು ಬದಲಾಗ್ತಾ ಇರ್ತದೆ, ಹುಸೇನ್ ಇಲ್ದಿದ್ರೆ ಅವರ ಜೊತೆಗಾರರು ಯಾರಾದ್ರೂ ಇರ್ತಾರೆ.

ಪಾವಗಡದಿಂದ ಪಿಯುಸಿ ಹುಡುಗಿ: ನಾನೂ ಚಿತ್ರ ಬರೀತೀನಿ ಸಾರ್. ನಾನೂ ಒಂದು ಸಿಂಬಲ್ ಫಿಕ್ಸ್ ಮಾಡ್ಕೋಬೇಕಾ? ಫ್ರೆಂಡ್ಸ್ ಎಲ್ಲಾ ನವಿಲು ಚೆನ್ನಾಗಿರುತ್ತೆ ಅಂತಾರೆ.

ನವಿಲು ಬೇಡಮ್ಮ, ಈಗಾಗ್ಲೇ ಜಿಲ್ಲೇಲಿ ನವಿಲು ಜಾಸ್ತಿ ಆಗಿ ಶೇಂಗಾ ಹೊಲ ಉಳೀತಿಲ್ಲ. ಹುಸೇನ್ ಕೂತ್ಕೊಂಡು ‘ನಾಳೆಯಿಂದ ಕುದುರೆ’ ಅಂತ ತೀರ್ಮಾನ ಮಾಡಿದ್ದಲ್ಲ, ಅದು ಬಂದಿದ್ದು. ನಿನ್ನ ಹಳೇ ನೋಟ್‌ಬುಕ್ಕುಗಳು ಇರ್ತವಲ್ಲ, ಕ್ಲಾಸಲ್ಲಿ ಬೋರಾದಾಗ ಹಿಂದಿನ ಪುಟದಲ್ಲಿ ಗೀಚಿರೋದು, ಅವನ್ನೆಲ್ಲಾ ನೆಲದ ಮೇಲೆ ಹರ್ಡಿಕೊಂಡು ಕೂತ್ಕೋ. ಯಾರೂ ಹೇಳ್ದೆ ಯಾವ್ದು ಮೂರು ನಾಲ್ಕು ಸಲ ಬಂದಿದೆ ನೋಡು. ನಾನು ರಿಟೈರ್ ಆದ ವರ್ಷ ಹಿಂಗೇ ಹರ್ಡಿಕೊಂಡು ನೋಡ್ದೆ, ದೇವಸ್ಥಾನ, ಬೆಟ್ಟ, ಎಮ್ಮೆ, ಏನೇ ಬರ್ದಿದ್ರೂ ಮೂಲೇಲಿ ಎಲ್ಲೋ ಒಂದು ಕಡೆ ಬಿಂದಿಗೆ ಸಾಲು. ಬೋರ್‌ವೆಲ್ ಮುಂದೆ ಪ್ಲಾಸ್ಟಿಕ್ ಬಿಂದಿಗೆಗಳು, ಕೆಂಪು, ನೀಲಿ, ಹಸಿರು, ಕೆಲವಕ್ಕೆ ಕತ್ತಿಗೆ ಗುರುತಿಗೆ ಅಂತ ಬಟ್ಟೆ ಚೂರು ಕಟ್ಟಿರೋದು, ಒಂದಕ್ಕೆ ಮಾತ್ರ ಬಾಯಿ ಒಡ್ದಿರೋದು. ಆ ಒಡೆದ ಬಿಂದಿಗೆ ನಮ್ಮನೇದು. ಮೂವತ್ತು ವರ್ಷ ಬರ್ದಿದೀನಿ, ನಂಗೇ ಗೊತ್ತಿರ್ಲಿಲ್ಲ.

ನಿಂದು ಏನು ಸಿಗ್ತು ಅಂತ ಬರ್ದು, ಒಂದು ಚಿತ್ರನೂ ಕಳ್ಸು. ಮಡಚಿ ಕವರಲ್ಲಿ ಹಾಕ್ಬೇಡ, ಸುತ್ತಿ ಕಳ್ಸು. ಹೋದ ತಿಂಗಳು ಒಬ್ಬರು ಕಳ್ಸಿದ್ದ ಎತ್ತಿನ ಹಣೆ ಮೇಲೆ ಸರಿಯಾಗಿ ಮಡಿಕೆ ಬಿದ್ದು, ಪಾಪ, ಎತ್ತು ಅಳ್ತಿರೋ ಹಂಗೆ ಕಾಣ್ತಿತ್ತು.